ಮಾನಿಟರ್ ಮೇಲಿನ ಟವಲ್

ಹೊಳಲ್ಕೆರೆಗೆ ಸೈಬರ್ ಸೆಂಟರ್ ಬಂದ ಹೊಸತರಲ್ಲಿ ನಾನು ಅಲ್ಲಿ ಕೂತು ಕನ್ನಡದ ಒಂದು ಚರ್ಚಾತಾಣ ಓದುತ್ತಿದ್ದೆ. ಪ್ರತಿ ಕಮೆಂಟಿನ ಪಕ್ಕ ಅದಕ್ಕೆ ಬಿದ್ದ ಓಟು ಕಾಣುತ್ತಿತ್ತು. ಹೆಚ್ಚು ಬಿದ್ದದ್ದು ಮೇಲೇರುತ್ತಿತ್ತು, ಜನ ಬೇಡವೆಂದದ್ದು ಮುಚ್ಚಿಹೋಗುತ್ತಿತ್ತು. ಒಮ್ಮೆ ಯಾರೋ ಕಂಬಳಿಯನ್ನು ಕುದಿಯುವ ನೀರಲ್ಲಿ ಒಗೆಯಿರಿ ಎಂದು ಬರೆದರು. ಮೊದಲು ಓದಿದ ಒಂದಿಬ್ಬರು ಒಪ್ಪಿ ಓಟು ಹಾಕಿದರು. ಆಮೇಲೆ ಬಂದವರೆಲ್ಲ ಆ ಓಟು ನೋಡಿಯೇ ಒಪ್ಪಿದರು. ನಾನು ಕುರಿ ಸಾಕುವ ಮನೆಯವನು. ಕುದಿಸಿದರೆ ಕಂಬಳಿ ಕುಗ್ಗಿ ಹಾಳಾಗುತ್ತೆ ಅಂತ ಬರೆದೆ. ಸಂಜೆಯೊಳಗೆ ನನ್ನ ಮಾತು ಮುಚ್ಚಿಹೋಗಿತ್ತು.

ನನಗೆ ರೇಗಿಹೋಯಿತು. ಹಿರಿಯೂರಿನ ಕುರಿ ಸಂತೆಯಲ್ಲಿ ಅಪ್ಪ ರೇಟು ಹೇಳುತ್ತಿದ್ದದ್ದು ಟವಲ್ ಕೆಳಗೆ, ಕೊಳ್ಳುವವರ ಬೆರಳು ಹಿಡಿದು, ಬೆರಳಿನ ಲೆಕ್ಕದಲ್ಲೇ. ಒಬ್ಬರು ಕೇಳಿದ ರೇಟು ಬಯಲಾದರೆ ಮುಂದಿನವರು ಕುರಿ ನೋಡುವುದೇ ಇಲ್ಲ, ರೇಟನ್ನೇ ನೋಡುತ್ತಾರೆ. ಸಂತೆಗೆ ಗೊತ್ತಿದ್ದ ಇಷ್ಟು ವಿಷಯ ಆ ತಾಣ ಕಟ್ಟಿದವರಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಹೆಗಲ ಮೇಲಿನ ಟವಲ್ ತೆಗೆದು, ಓಟು ಕಾಣುವ ಕಡೆ ಮಾನಿಟರ್ ಮೇಲೆ ಇಳಿಬಿಟ್ಟು ಓದತೊಡಗಿದೆ. ಸೆಂಟರಿನ ಯಜಮಾನರು ಬಂದು ನಿಂತರು.

"ಏನ್ರಿ ಇದು? ಹಿಂಗೆ ಮುಚ್ಚಿದ್ರೆ ಏನ್ ಕಾಣ್ತೈತ್ರಿ?"

"ಈಗ್ಲೇ ಕಣ್ರಿ ಕಾಣ್ತಿರೋದು," ಅಂದೆ.