ಒತ್ತುವರಿಯಿಲ್ಲದ ಮೀನು
ಊರವರ ಜಮೀನು ಅಳೆದೇ ನಿವೃತ್ತರಾದ ಸರ್ವೆಯರ್ ಮಾವ ಭಾನುವಾರ ಅಡುಗೆಮನೆಗೆ ಕಾಲಿಟ್ಟರೆ ಸೊಸೆ ಗೋಡೆಗೆ ಒರಗಿ ದಾರಿ ಬಿಡಬೇಕು. ಅವರಿಗೆ ಬರುವುದು ಒಂದೇ ಅಡುಗೆ: ಮುಳ್ಳು ತೆಗೆದ ಬಿಳಿ ಮೀನಿಗೆ ಬ್ರೆಡ್ ಪುಡಿ ಹೊದಿಸಿ ಓವನ್ನಿನಲ್ಲಿಡುವುದು, ಪಕ್ಕಕ್ಕೆ ಮಾವಿನಹಣ್ಣು, ಈರುಳ್ಳಿ, ಹಸಿಮೆಣಸು ಹೆಚ್ಚಿ ನಿಂಬೆ ಹಿಂಡಿದ ಸಾಲ್ಸಾ. ಆ ಒಂದಕ್ಕೆ ಏಳು ಪಾತ್ರೆ, ಮೂರು ಚಾಕು ಮತ್ತು ಒಂದು ಅಡಿಪಟ್ಟಿ. ಮಾವಿನ ಹೋಳು ಒಂದು ನೂಲು ದಪ್ಪವಾದರೂ ಅದು ಅವರ ಬಾಯಿಗೇ ಹೋಗುತ್ತದೆ; ಹೀಗಾಗಿ ಅರ್ಧ ಹಣ್ಣು ಬಟ್ಟಲಿನ ಮುಖ ಕಾಣುವುದಿಲ್ಲ. ಬ್ರೆಡ್ ಪುಡಿ ಮೀನಿನಿಂದಾಚೆ ಉದುರಿದರೆ "ಒತ್ತುವರಿ, ಒತ್ತುವರಿ!" ಎಂದು ಬೆರಳಿನಿಂದ ಒಳಗೆ ತಳ್ಳುತ್ತಾರೆ. ಇಷ್ಟೆಲ್ಲ ಅಳೆಯುವ ಮನುಷ್ಯ ಸಾಲ್ಸಾಗೆ ಉಪ್ಪು ಹಾಕುವುದನ್ನು ಮಾತ್ರ ಪ್ರತಿ ವಾರವೂ ಮರೆಯುತ್ತಾರೆ. ಮೊದಲ ತುತ್ತಿಗೇ ಅತ್ತೆ ರೇಗುತ್ತಾರೆ: "ಮತ್ತೆ ಉಪ್ಪಿಲ್ಲ! ಜ್ಞಾನ ಎಲ್ಲಿಟ್ಟಿರ್ತೀರಿ?" ಮಾವ ಬಹುಮಾನ ಬಂದವರಂತೆ ತಲೆತಗ್ಗಿಸಿ ನಗುತ್ತಾರೆ. ಪಾಪ, ವಯಸ್ಸಾಯಿತು ಎಂದುಕೊಂಡು ಸೊಸೆ ಒಂದು ವಾರ ತಾನೇ ಉಪ್ಪಿನ ಡಬ್ಬಿ ಎತ್ತಿಕೊಂಡಳು. ಮಾವ ಗಾಬರಿಯಿಂದ ಬಟ್ಟಲಿಗೆ ಕೈ ಅಡ್ಡ ಹಿಡಿದರು. "ಬೇಡಮ್ಮ. ಕಾಯಿಲೆ ಬಿದ್ದಾಗ ಏಳು ತಿಂಗಳು ನಿಮ್ಮತ್ತೆಗೆ ಬಾಯಿರುಚಿನೇ ಇರ್ಲಿಲ್ಲ. ಏನು ಕೊಟ್ರೂ ಸುಮ್ನೆ ನುಂಗ್ತಿದ್ಲು. ಒಂದಿನ ನಾನು ನಿಜವಾಗ್ಲೂ ಉಪ್ಪು ಮರ್ತೆ. ತಿಂದವಳೇ ಬೈದ್ಲು ನೋಡು, ಅವತ್ತು ಗೊತ್ತಾಯ್ತು, ಇವಳು ಬದುಕ್ಕೊಂಡ್ಲು ಅಂತ." ಆಮೇಲಿಂದ ಭಾನುವಾರ ಅತ್ತೆ ಮೊದಲ ತುತ್ತು ಬಾಯಿಗಿಟ್ಟಾಗ, ಬೈಗುಳ ಕೇಳಿಸುವವರೆಗೆ ಸೊಸೆಯೂ ಉಸಿರು ಬಿಗಿಹಿಡಿದು ಕೂತಿರುತ್ತಾಳೆ.