ಕರೆಂಟಿಲ್ಲದ ಗಿರಣಿಯ ಕುಕ್ ಕುಕ್

ಗೆಳೆಯರೇ, ಇವತ್ತು ಒಂದು ಸದ್ದು ನನ್ನನ್ನು ಚೆನ್ನಾಗಿ ಏಮಾರಿಸಿತು.

ಕೊಟ್ಟೂರಿನ ನಮ್ಮ ಓಣಿಯಲ್ಲಿ ಬಸಣ್ಣನ ಹಿಟ್ಟಿನ ಗಿರಣಿ ಇದೆ. ಡೀಸೆಲ್ ಎಂಜಿನ್ ಹೋಗಿ ಸದ್ದಿಲ್ಲದ ಮೋಟಾರ್ ಬಂದ ಮೇಲೂ ಅವನು ಹಳೆಯ ‘ಕುಕ್ ಕುಕ್ ಕುಕ್’ ಅನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಬ್ಯಾಟರಿ ಮೈಕಿನಲ್ಲಿ ಹಾಕುತ್ತಾನೆ. ಗಿರಣಿ ಶುರುವಾಗಿದೆ, ಬರ್ರಿ ಅಂತ ಅದರ ಅರ್ಥ. ಅವನ ಜಾಹೀರಾತು ಅಷ್ಟೇ.

ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಬಿಸಿ ಹಿಟ್ಟಿನ ವಾಸನೆ ಬರುತ್ತದೆ. ಡಬ್ಬಿಗೆ ಜೋಳ ತುಂಬಿಕೊಂಡು ಓಡಿದೆ. ಹೋದರೆ ಕರೆಂಟೇ ಇಲ್ಲ!

ನನಗಿಂತ ಮೊದಲೇ ಬಂದಿದ್ದ ಪಕ್ಕದ ಮನೆಯ ಶಾಂತಕ್ಕ ಜಗಳಕ್ಕೇ ನಿಂತಿದ್ದರು. “ಕರೆಂಟ್ ಇಲ್ದಾಗ ಯಾಕ ಹಚ್ಚಿದ್ಯೋ ಬಸಣ್ಣ?”

ಬಸಣ್ಣ ತಲೆ ಕೆರೆದುಕೊಂಡ. “ಎಲ್ಲಾರೂ ಪ್ಯಾಕೆಟ್ ಹಿಟ್ಟು ತರ್ತೀರಿ. ವಾರ ಆತು, ಈ ಕಟ್ಟಿ ಮ್ಯಾಲ ಯಾರೂ ಕುಂತಿಲ್ಲ. ಸದ್ದು ಕೇಳಿದ್ರ ಬರ್ತೀರೇನೋ ಅಂತ ಹಚ್ಚಿದೆ, ಯಕ್ಕಾ.”

ಶಾಂತಕ್ಕ ಡಬ್ಬಿ ಇಳಿಸಿ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ. ಸಂಜೆಯಾದರೂ ಕರೆಂಟ್ ಬರಲಿಲ್ಲ, ಯಾವಾಗ ಬರುತ್ತದೆ ಅಂತ ಯಾರೂ ಕೇಳಲೂ ಇಲ್ಲ.

ಅದೇ ಜೋಳ ಹೊತ್ತು ವಾಪಸ್ ಬಂದಾಗ ನಮ್ಮ ಮನೆಯವರು ಕೇಳಿದರು, “ಮನ್ಯಾಗ ಪ್ಯಾಕೆಟ್ ಹಿಟ್ಟು ಐತಲ್ಲ, ಗಿರಣಿಗೆ ಯಾಕ ಹೋಗಿದ್ದಿ?”

“ಕರದ್ರು, ಹೋಗಿದ್ದೆ.”