ಬಸ್ಸಿನ ಬೆನ್ನು ಮಾರುವ ಹುಡುಗಿ

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಮಸ್ಕತ್ತಿನ ಆಫೀಸಿನಿಂದ ನಿನ್ನೆ ಸಂಜೆ ಸುದ್ದಿ ಬಂತು. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ಹೇಳಿದ್ದು ಸಾಲದೆ ಈಗ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಕ್ಷರ ದಪ್ಪ, ಸಾಲು ಸೊಟ್ಟ. ಇರಲಿ, ಸಂತೋಷಕ್ಕೇನು ಗೆರೆ ಬೇಕೇ?

ಅವಳದು ಜಾಹೀರಾತು ಮಾರುವ ಕೆಲಸ. ಆ ಊರಿನ ಬಸ್ಸುಗಳ ಹಿಂಭಾಗದಲ್ಲಿ ಹೋಟೆಲಿನವರು, ಅಂಗಡಿಯವರು ತಮ್ಮ ಹೆಸರು, ಚಿತ್ರ ಅಂಟಿಸಿಕೊಂಡು ಅದಕ್ಕೆ ಬಾಡಿಗೆ ಕೊಡುತ್ತಾರಂತೆ. ಅವರನ್ನು ಹುಡುಕಿಕೊಂಡು ಹೋಗಿ ಒಪ್ಪಿಸಬೇಕಾದವಳು ಇವಳು. ರಜೆಗೆ ಬಂದ ದಿನವೇ ಕೇಳಿದ್ದೆ, "ಅಲ್ಲವ್ವಾ, ನೀನು ಮಾರೋದಾದ್ರೂ ಏನು?" ಅಂತ.

"ಬಸ್ಸಿನ ಬೆನ್ನು ತಾತ" ಅಂದಳು.

ನನಗೆ ನಗು ಬಂತು. ಆಮೇಲೆ ಯೋಚಿಸಿದಷ್ಟೂ ಬೆರಗಾಯಿತು. ನಾನೂ ಮಾರಿದವನೇ. ಮಂಡಿ ಗಟ್ಟಿಯಿರುವ ತನಕ ಬಾಣಾವರಕ್ಕೂ ಅರಸೀಕೆರೆಗೂ ನಡುವೆ ರೈಲಿನಲ್ಲಿ ಬುಟ್ಟಿ ಹೊತ್ತು ಸೌತೆಕಾಯಿ ಮಾರಿದ್ದೇನೆ. ಬುಟ್ಟಿಯಲ್ಲಿ ಕಾಯಿ ಇತ್ತು, ಗಿರಾಕಿ ನೋಡಿದ, ಮುಟ್ಟಿದ, ಉಪ್ಪುಖಾರ ಹಾಕಿಸಿಕೊಂಡು ತಿಂದ. ಇವಳ ಬುಟ್ಟಿಯಲ್ಲಿ ಏನಿದೆ? ಬಸ್ಸು ಇವಳದಲ್ಲ. ಅಂಟಿಸುವ ಚಿತ್ರ ಇವಳದಲ್ಲ. ಆ ಬಸ್ಸಿನ ಹಿಂದೆ ಬರುವ ಜನ ಯಾರೋ, ಅವರಿಗೆ ಇವಳಾರೋ. ಏನೂ ಇಲ್ಲದ್ದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿ ಮಾರಬೇಕು, ಅದೂ ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ.

ವಿದೇಶದ ಆಫೀಸು ಅಂದರೆ ತಣ್ಣಗೆ ಕೂತು ಮಾಡುವ ಕೆಲಸ ಅಂದುಕೊಂಡಿದ್ದೆವು. ಫೋನಿನಲ್ಲಿ ಅವಳೂ "ಚೆನ್ನಾಗಿದೀನಿ" ಅನ್ನುವುದು ಬಿಟ್ಟು ಬೇರೆ ಹೇಳುತ್ತಿರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಅವಳ ಕಾಲಿಗೆ ಹರಳೆಣ್ಣೆ ಉಜ್ಜಲು ಕೂತವಳು, "ಇದೇನೇ ಹಿಮ್ಮಡಿ, ಗದ್ದೆ ಒಡ್ದಂಗೆ ಒಡ್ದೈತೆ!" ಅಂದಳು. ಆಗ ಒಂದೊಂದೇ ಮಾತು ಹೊರಬಂತು. ದಿನವಿಡೀ ಅಂಗಡಿಯಿಂದ ಅಂಗಡಿಗೆ ನಡೆಯಬೇಕು. ಬಿಸಿಲಿಗೆ ಚಪ್ಪಲಿಯ ಅಂಟು ಬಿಡುತ್ತದೆ. ಬಾಗಿಲಲ್ಲಿರುವ ಕಾವಲಿನವನು ಒಳಗೆ ಬಿಡುವುದಿಲ್ಲ. ಒಳಗೆ ಬಿಟ್ಟರೆ ಯಜಮಾನರು ಇರುವುದಿಲ್ಲ. ಇದ್ದರೆ, ನಾಳೆ ಬಾ ಅನ್ನುತ್ತಾರೆ. ನಾಳೆ ಹೋದರೆ ಯಾರು ನೀನು ಅನ್ನುತ್ತಾರೆ. ರೂಮಿನಲ್ಲಿ ನಾಲ್ಕು ಜನ ಹುಡುಗಿಯರು, ನಾಲ್ಕು ದೇಶದವರು, ಒಂದೇ ಒಲೆ. ವಾರಕ್ಕೊಮ್ಮೆ ಮ್ಯಾನೇಜರು ಎಲ್ಲರ ಎದುರಿಗೆ ಯಾರು ಎಷ್ಟು ಮಾರಿದರು ಅಂತ ಓದುತ್ತಾನಂತೆ.

"ನಿಂದು ಓದ್ದಾಗ ಏನ್ ಮಾಡ್ತೀಯ?" ಅಂತ ನನ್ನ ಹೆಂಡತಿ ಕೇಳಿದಳು.

"ನೀರು ಕುಡೀತೀನಿ ಅಜ್ಜಿ."

ಅಸಲು ವಿಷಯ ಕೊನೆಗೆ ಹೇಳಿದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದರು. ಈ ಹಬ್ಬದ ರಜೆ ಮುಗಿಯುವುದರೊಳಗೆ ಪೂರಾ ಒಂದು ವರ್ಷಕ್ಕೆ ಒಪ್ಪುವ ಒಬ್ಬ ಗಿರಾಕಿಯನ್ನು ತರಬೇಕು, ಅದೂ ಕಂಪನಿಯ ರೇಟಿಗೇ. ಕಡಿಮೆ ಮಾಡಿ ತಂದರೆ ಲೆಕ್ಕಕ್ಕಿಲ್ಲ. ತರದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಮತ್ತೆ ಅಲ್ಲಿಗೆ ಹೋದರೂ ಪೆಟ್ಟಿಗೆ ತರುವುದಕ್ಕಷ್ಟೇ ಹೋದ ಹಾಗೆ. ಅವಳ ಕೈಯಲ್ಲಿ ಒಬ್ಬರೇ ಉಳಿದಿದ್ದರು: ಮಂಗಳೂರಿನ ಕಡೆಯವರು, ಮಸ್ಕತ್ತಿನಲ್ಲಿ ಹೋಟೆಲು ಇಟ್ಟವರು. ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ನಿನ್ನೆ ಅವಳನ್ನು ಕರೆದುಕೊಂಡು ಗೆಂಡೆಹಳ್ಳಿಗೆ ಹೋಗಿದ್ದೆ. ಅಲ್ಲಿ ನನ್ನ ತಂಗಿಯ ಮನೆ. ವಾಪಸು ಅರಸೀಕೆರೆಗೆ ಬರಲು ಬೇಲೂರಿನಲ್ಲಿ ಬಸ್ಸು ಹತ್ತಿದೆವು. ಹಳೇಬೀಡಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಅವಳ ಫೋನು ಹೊಡೆದುಕೊಂಡಿತು. ನೋಡಿದರೆ ಅದೇ ಹೋಟೆಲಿನವರು. "ಹಲೋ ಸರ್" ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಹಳೇಬೀಡಿನ ಸ್ಟಾಪು ಬಂದದ್ದೇ ತಡ, "ತಾತ ಇಳಿ" ಅಂತ ಬ್ಯಾಗು ಎಳೆದುಕೊಂಡು ಧುಮುಕಿದಳು.

"ಏನಜ್ಜ, ಅರಸೀಕೆರೆಗಲ್ವಾ ಟಿಕೆಟ್ ತಗಂಡಿದ್ದು?" ಅಂದ ಕಂಡಕ್ಟರ್.

"ಅರ್ಜೆಂಟ್ ಕಣಪ್ಪ, ಮಸ್ಕತ್ತಿಂದ ಫೋನು" ಅಂತ ನಾನೂ ಇಳಿದೆ.

ಟೂರಿಸ್ಟ್ ಬಸ್ಸುಗಳ ಹಾರನ್ನು, ಎಳನೀರಿನವರ ಕೂಗು. ಅವಳು ಜಾಗ ಹುಡುಕಿಕೊಂಡು ಹೋಗಿ ಬಾಗಿಲು ಹಾಕಿದ್ದ ಒಂದು ಅಂಗಡಿಯ ಜಗಲಿಯಲ್ಲಿ ಕೂತಳು. ಕಿವಿಗೆ ಹಾಕುವುದರ ಚಾರ್ಜು ಮುಗಿದಿತ್ತು. ಸ್ಪೀಕರ್ ಹಾಕಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾನು ಪಕ್ಕದಲ್ಲಿ. ದೇಶದೇಶದವರು ನೋಡಲು ಬರುವ ಗುಡಿ ಅಲ್ಲೇ ಇದೆ. ನಾನು ನಮ್ಮ ಹುಡುಗಿಯ ಮುಖವನ್ನೇ ನೋಡುತ್ತಾ ಕೂತೆ.

"ಎಂತ ಮಾರಾಯ್ತಿ, ಊರಿನಲ್ಲಿ ಆರಾಮಾ?" ಅಂದರು ಹೋಟೆಲಿನವರು. "ನಿನ್ನ ಬಸ್ಸಿನ ವಿಷಯ ಯೋಚನೆ ಮಾಡಿದೆ. ಬಸ್ಸಿನ ಹಿಂದೆ ಯಾರು ನೋಡುದು? ಎಲ್ಲರೂ ಮೊಬೈಲ್ ನೋಡುದು."

"ಸರ್, ನಿಮ್ಮ ಹೋಟ್ಲು ಮುಂದೆ ಫ್ಲೈಓವರ್ ಆದ್ಮೇಲೆ ಮಧ್ಯಾಹ್ನ ಊಟಕ್ಕೆ ಜನ ಕಮ್ಮಿ ಆಗಿದಾರೆ ಅಲ್ವಾ?"

"ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ಬಸ್ಸಲ್ಲಿ ಕೂತ್ಕೊಂಡು ನಾನೇ ಮೇಲೆ ಹೋಗಿ ನೋಡ್ದೆ. ಮೇಲಿಂದ ನಿಮ್ಮ ಬೋರ್ಡು ಕಾಣಲ್ಲ. ನಿಮ್ಮ ನೀರಿನ ಟ್ಯಾಂಕ್ ಚೆನ್ನಾಗಿ ಕಾಣುತ್ತೆ."

ಆ ಕಡೆ ಗಟ್ಟಿಯಾಗಿ ನಕ್ಕರು. ಇವಳು ನಗಲಿಲ್ಲ. "ಇಳಿಯೋ ಕಡೆ ಸಿಗ್ನಲ್ ಇದೆ. ಎಲ್ಲ ಕಾರೂ ಅಲ್ಲಿ ನಿಲ್ಲುತ್ತೆ. ಮುಂದೆ ನಿಂತಿರೋ ಬಸ್ಸಿನ ಮೇಲೆ ನಿಮ್ಮ ನೀರ್‌ದೋಸೆ ಇರುತ್ತೆ, ಬಲಕ್ಕೆ ತಿರುಗಿ ಅಂತ ಒಂದು ಬಾಣ ಇರುತ್ತೆ. ಹಸಿದೋರು ತಿರುಗ್ತಾರೆ ಸರ್" ಅಂದಳು.

ನನಗೆ ಆ ರಸ್ತೆ ಕಂಡೇ ಬಿಟ್ಟಿತು! ಬಸ್ಸು ಕಂಡಿತು, ಬಾಣ ಕಂಡಿತು, ಹೊಟ್ಟೆಯಲ್ಲಿ ಹಸಿವೂ ಆಯಿತು. ಇದೇ ಹುಡುಗಿ ಚಿಕ್ಕವಳಿದ್ದಾಗ ಅಂಗಡಿಗೆ ಕಳಿಸಿದರೆ ಕಾಫಿಪುಡಿ ಕೇಳಲು ನಾಚಿಕೊಂಡು ವಾಪಸು ಬರುತ್ತಿದ್ದಳು.

"ಸರಿ, ರೇಟು ಹೇಳು."

ಹೇಳಿದಳು. ಅಲ್ಲಿಯ ದುಡ್ಡಿನ ಲೆಕ್ಕ, ನನಗೆ ತಿಳಿಯಲಿಲ್ಲ. "ಒಂದು ವರ್ಷಕ್ಕೆ ಸರ್" ಅಂದು ಬಾಯಿ ಮುಚ್ಚಿದಳು.

ಆ ಕಡೆಯೂ ಮಾತಿಲ್ಲ. ಈ ಕಡೆಯೂ ಇಲ್ಲ. ಫೋನು ಕಟ್ಟಾಗಿದೆಯೇನೋ ಅಂತ ನಾನು ಬಗ್ಗಿ ನೋಡಿದೆ. ಇಲ್ಲ, ಅಲ್ಲಿ ತಟ್ಟೆ ಲೋಟದ ಸದ್ದು ಕೇಳುತ್ತಿದೆ. ಇವಳು ಕಲ್ಲಿನ ಹಾಗೆ ಕೂತಿದ್ದಾಳೆ. ರೈಲಿನಲ್ಲಿ ಗಿರಾಕಿ ರೇಟು ಕೇಳಿ ಸುಮ್ಮನಾದ ಅಂದರೆ ಕೈ ತಪ್ಪಿದ ಅಂತಲೇ ಅರ್ಥ. ಗಾಡಿ ಹೊರಡುತ್ತದೆ, ಅವನು ಆ ಕಡೆ ಮುಖ ತಿರುಗಿಸುತ್ತಾನೆ. ಅಷ್ಟರೊಳಗೆ ನಾವೇ ರೇಟು ಇಳಿಸಬೇಕು. ನನ್ನ ಇಡೀ ಆಯುಸ್ಸು ಹಾಗೇ ನಡೆದದ್ದು. ಬಾಯಿ ನನ್ನ ಮಾತು ಕೇಳಲಿಲ್ಲ. ಫೋನಿನ ಮೇಲೆ ಬಗ್ಗಿ ಕೂಗಿಯೇ ಬಿಟ್ಟೆ:

"ಕಮ್ಮಿ ಮಾಡ್ಕೊಡ್ತಾಳೆ ಸ್ವಾಮಿ, ತಗಳಿ! ಬೋಣಿ ಗಿರಾಕಿ ನೀವು!"

ಮೊಮ್ಮಗಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ಬರೆಯಲು ನನಗೆ ಬರುವುದಿಲ್ಲ.

"ಯಾರದು?" ಅಂದರು ಅವರು.

"ನಮ್ಮ ತಾತ ಸರ್."

"ತಾತ ಕಡಿಮೆ ಮಾಡ್ತಾರಂತಲ್ಲ ಮಾರಾಯ್ತಿ!"

ಎಲ್ಲ ಮುಗಿಯಿತು ಅಂದುಕೊಂಡೆ. ಅವಳು ಉಸಿರು ಎಳೆದುಕೊಂಡು, ದನಿ ಒಂಚೂರೂ ಅಲುಗಿಸದೆ ಅಂದಳು: "ತಾತ ಸೌತೆಕಾಯಿಗೆ ಕಮ್ಮಿ ಮಾಡ್ತಾರೆ ಸರ್. ಬಸ್ಸು ನಂದು. ನಾನು ಮಾಡಲ್ಲ."

ಮತ್ತೆ ಬರೀ ತಟ್ಟೆ ಲೋಟದ ಸದ್ದು. ಈ ಸಲ ನಾನು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೆ.

"ತಮ್ಮನತ್ರ ಕೇಳಿ ಸಂಜೆ ಹೇಳ್ತೇನೆ" ಅಂದು ಅವರು ಫೋನು ಇಟ್ಟರು.

ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಎದ್ದು ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಆಮೇಲೆ ನನ್ನ ಪಕ್ಕ ಕೂತು, "ತಾತ, ನಾನು ಸುಮ್ನೆ ಕೂತಿದ್ದೆ ಅಂದ್ಕೊಂಡ್ಯಾ? ಅದೇ ನನ್ನ ಕೆಲಸ. ರೇಟು ಹೇಳಿದ್ಮೇಲೆ ಸುಮ್ನಿರೋದು. ಎಲ್ಲಕ್ಕಿಂತ ಕಷ್ಟ ಅದೇ. ಅದನ್ನ ಕಲಿಯಕ್ಕೇ ನಂಗೆ ಇಷ್ಟು ದಿನ ಬೇಕಾಯ್ತು" ಅಂದಳು.

ನಾನು ಜೀವನವೆಲ್ಲ ಕೂಗಿ ಕೂಗಿ ಮಾರಿದವನು. ಸುಮ್ಮನಿದ್ದು ಮಾರುವವರನ್ನು ಮೊದಲ ಸಲ ನೋಡಿದ್ದೆ.

ಮುಂದಿನ ಬಸ್ಸು ತುಂಬಿ ಬಂತು. ಜಾವಗಲ್ ದಾಟುವ ತನಕ ನಿಂತೇ ಬಂದೆವು. ಪ್ರತಿ ಸಲ ಅವಳು ಫೋನು ತೆಗೆದು ನೋಡಿದಾಗಲೂ ನಾನೂ ಬಗ್ಗಿ ನೋಡುತ್ತಿದ್ದೆ. ಮನೆಗೆ ಬಂದು ಮುಚ್ಚಿಡಲಾಗದೆ ನಾನೇ ಹೇಳಿದೆ. ನನ್ನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಮಗೂನ ತಂಗಿ ಮನೆಗೆ ಕರ್ಕಂಡು ಹೋಗಿ ಅದರ ಕೆಲಸಾನೇ ಕಳ್ದು ಬಂದ್ರಾ? ಆ ಬಾಯಿಗೆ ಬೀಗ ಹಾಕಕ್ಕೆ ರೈಲ್ವೆಯೋರಿಗೇ ಆಗ್ಲಿಲ್ಲ, ನನ್ನ ಕೈಲಿ ಆಯ್ತದಾ!"

"ಬಿಡತ್ತೆ, ಮಾವಂಗೆ ಮೊದ್ಲೇ ಮುಖ ಬಾಡೈತೆ" ಅಂದಳು ಸೊಸೆ, ಅಂದರೆ ಈ ಹುಡುಗಿಯ ತಾಯಿ. ಅವಳ ಮುಖವೂ ಬಾಡಿಯೇ ಇತ್ತು. ಮಗ ಕೆಲಸದಿಂದ ಬಂದವನು ವಿಷಯ ಕೇಳಿ ಶರ್ಟು ಬಿಚ್ಚುವುದನ್ನೂ ಮರೆತು ಕೂತ.

ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳ ಫೋನು ಟಣ್ ಅಂತು, ಹೋಟೆಲಿನವರ ಮೆಸೇಜು. ಅವಳು ಓದಿದಳು. ಮತ್ತೆ ಓದಿದಳು. ಆಮೇಲೆ ಜೋರಾಗಿ ಓದಿದಳು: "ಆಯ್ತು. ಒಂದು ವರ್ಷ. ರೇಟು ನಿಂದೇ. ದೋಸೆ ದೊಡ್ಡದಾಗಿ ಕಾಣಬೇಕು."

ಅವಳು ಅದನ್ನು ಮ್ಯಾನೇಜರಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿದ. ಇಂಗ್ಲಿಷಿನಲ್ಲಿ ಅವನು ಏನಂದನೋ ತಿಳಿಯದು, ನಮ್ಮ ಹುಡುಗಿ "ಥ್ಯಾಂಕ್ಯೂ ಸರ್, ಥ್ಯಾಂಕ್ಯೂ ಸರ್" ಅಂತ ಗೋಡೆ ಹಿಡಿದುಕೊಂಡು ನಿಂತಳು. ಫೋನು ಇಟ್ಟು, "ಕನ್‌ಫರ್ಮ್ ತಾತ!" ಅಂತ ಕೂಗಿದಳು. ಅಷ್ಟು ಹೊತ್ತು ಸುಮ್ಮನಿದ್ದವಳ ಗಂಟಲು ಈಗ ನೋಡಬೇಕಿತ್ತು, ಥೇಟ್ ನನ್ನದೇ!

ನನ್ನ ಹೆಂಡತಿ ಅಟ್ಟದಿಂದ ಶಾವಿಗೆ ಒರಳು ಇಳಿಸಿದಳು. ಸೊಸೆ ಹಿಟ್ಟು ಬೇಯಿಸಿದಳು, ಮಗ ಒತ್ತಿದ, ಮೊಮ್ಮಗಳು ಎಳೆ ಹಿಡಿದಳು. ನನಗೆ ಕಾಯಿ ತುರಿಯುವ ಕೆಲಸ ಕೊಟ್ಟರು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಬಿಸಿ ಒತ್ತುಶಾವಿಗೆಗೆ ಕಾಯಿಹಾಲು ಸುರಿದುಕೊಂಡು ಉಂಡೆವು. ಮೊಮ್ಮಗಳು ಅಂಗೈಯಿಂದ ಮೊಣಕೈ ತನಕ ಹಾಲು ಸುರಿಸಿಕೊಂಡು ಉಣ್ಣುತ್ತಿದ್ದಳು. ಅವಳ ಅಜ್ಜಿ ತನ್ನ ತಟ್ಟೆ ಮರೆತು ಅವಳ ತಟ್ಟೆಗೇ ಬಡಿಸುತ್ತಿದ್ದಳು. "ಸಾಕು ಅಜ್ಜಿ" ಅಂದರೂ ಬಿಡಲಿಲ್ಲ. ಮಗ ಪಾತ್ರೆ ಬಗ್ಗಿಸಿ ನೋಡಿ, "ನಮಗೂ ಒಂಚೂರು ಇರ್ಲಿ ಕಣವ್ವಾ" ಅಂದ. ಸೊಸೆ ನಗುತ್ತಾ ಇನ್ನೊಂದು ಉಂಡೆ ಬೇಯಿಸಲು ಎದ್ದಳು.